ಪಾಠದ ಸ್ಲೈಡುಗಳಲ್ಲಿ ಪದ ಬದಲಾವಣೆ: ಹುಡುಕುವುದು ಹೇಗೆ, ನಂಬುವುದು ಎಷ್ಟು?

ಶ್ರೀನಿವಾಸಪುರದಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕರಿಗಾಗಿ ಏರ್ಪಟ್ಟಿದ್ದ ಒಂದು ಕಾರ್ಯಾಗಾರದಲ್ಲಿ ಅಳತೆಯ ಮೂಲಮಾನಗಳ ಬಗ್ಗೆ ಮಾತನಾಡುತ್ತಿದ್ದೆ. ಪರದೆಯ ಮೇಲೆ ನನ್ನದೇ ಸ್ಲೈಡು. ಮುಂದಿನ ಸಾಲಿನಲ್ಲಿದ್ದ ಶಿಕ್ಷಕಿಯೊಬ್ಬರು ಕೈ ಎತ್ತಿದರು. "ಸಾರ್, ಕಿಲೋಗ್ರಾಮಿಗೆ ಈಗ ಲೋಹದ ಉರುಳೆ ಆಧಾರವಲ್ಲ ಅಂತ ಬೆಳಿಗ್ಗೆ ನೀವೇ ಹೇಳಿದಿರಿ. ಇಲ್ಲಿ ನೋಡಿದರೆ ಇನ್ನೂ ಉರುಳೆಯೇ ಇದೆಯಲ್ಲ?" ಎಂದರು. ತಿರುಗಿ ನೋಡಿದೆ. ಅವರ ಮಾತು ನಿಜವಾಗಿತ್ತು.

2019ರ ಮೇ 20ರಿಂದ ಕಿಲೋಗ್ರಾಂ, ಆಂಪೇರ್, ಕೆಲ್ವಿನ್ ಮತ್ತು ಮೋಲ್ ಈ ನಾಲ್ಕು ಮಾನಗಳಿಗೆ ಹೊಸ ವ್ಯಾಖ್ಯೆ ಜಾರಿಗೆ ಬಂದಿತು. ಪ್ಯಾರಿಸ್ ಬಳಿಯ ಸೆವ್ರೆಯಲ್ಲಿರುವ ಪ್ಲಾಟಿನಂ-ಇರಿಡಿಯಂ ಉರುಳೆಯ ಬದಲು ಪ್ಲಾಂಕ್ ಸ್ಥಿರಾಂಕವೇ ಕಿಲೋಗ್ರಾಮಿಗೆ ಆಧಾರವಾಯಿತು. ಆ ಸ್ಥಿರಾಂಕದ ಮೌಲ್ಯ 6.62607015 × 10⁻³⁴ ಜೌಲ್-ಸೆಕೆಂಡ್ ಎಂದು ನಿಖರವಾಗಿ ನಿಗದಿಯಾಯಿತು. ಇದಕ್ಕೆ ತಕ್ಕಂತೆ ನನ್ನ ಅರವತ್ತರ ಹತ್ತಿರದ ಪ್ರಸ್ತುತಿ ಕಡತಗಳನ್ನು ತಿದ್ದಿಯಾಗಿದೆ ಎಂದೇ ನಾನು ನಂಬಿದ್ದೆ. ವಿದ್ಯಾರ್ಥಿಯೊಬ್ಬ ಬರೆದುಕೊಟ್ಟಿದ್ದ ಸಣ್ಣ ಪ್ರೋಗ್ರಾಮಿನಿಂದ ಎಲ್ಲ ಕಡತಗಳಲ್ಲಿಯೂ 'ಇರಿಡಿಯಂ' ಎಂಬ ಪದವನ್ನು ಹುಡುಕಿಸಿದ್ದೆ. ಸಿಕ್ಕ ಕಡೆ ತಿದ್ದಿದೆ. ಉಳಿದ ಕಡತಗಳಲ್ಲಿ 'ಸಿಗಲಿಲ್ಲ' ಎಂಬ ಉತ್ತರ ಬಂದಿತು, ನಿಶ್ಚಿಂತನಾದೆ. ಆದರೆ 'ಸಿಗಲಿಲ್ಲ' ಎಂದ ಕಡತವೇ ಆ ದಿನ ಪರದೆಯ ಮೇಲಿತ್ತು. ಅಷ್ಟು ಹೊತ್ತಿಗೆ ಅದರ ಪ್ರತಿಗಳು ಹಲವು ಶಿಕ್ಷಕರ ಪೆನ್‌ಡ್ರೈವುಗಳಲ್ಲಿ ಕುಳಿತು ಶಾಲೆಗಳಿಗೆ ಹೋಗಿದ್ದವು.

ಕಪ್ಪು ಹಲಗೆಯ ಮೇಲಿನ ತಪ್ಪು ಗಂಟೆ ಬಾರಿಸಿದ ಮೇಲೆ ಅಳಿಸಿಹೋಗುತ್ತದೆ. ಸ್ಲೈಡಿನ ತಪ್ಪು ಹಾಗಲ್ಲ, ಅದು ಪ್ರತಿಯಾಗುತ್ತ ಸಾಗುತ್ತದೆ. ಆದ್ದರಿಂದ ಹಲವು ಕಡತಗಳಲ್ಲಿ ಒಮ್ಮೆಗೇ ಪದವನ್ನು ಹುಡುಕಿ ಬದಲಿಸುವ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಶಿಕ್ಷಕರು ತಿಳಿದಿರುವುದು ಒಳ್ಳೆಯದು.

ಕಡತದ ಒಳಗೆ ಏನಿದೆ?

ಪವರ್‌ಪಾಯಿಂಟಿನಲ್ಲಿರುವ 'ಬದಲಿಸು' ಸೌಲಭ್ಯ ತೆರೆದಿರುವ ಒಂದು ಪ್ರಸ್ತುತಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅರವತ್ತು ಕಡತಗಳಿದ್ದರೆ ಅರವತ್ತು ಸಲ ತೆರೆಯಬೇಕು, ಮುಚ್ಚಬೇಕು. ಇದನ್ನು ತಪ್ಪಿಸಲು ಕಡತಗಳ ಒಳಹೊಕ್ಕು ಓದಬಲ್ಲ ಪ್ರೋಗ್ರಾಮ್ ಬೇಕು.

2007ಕ್ಕೆ ಮುಂಚಿನ ಪವರ್‌ಪಾಯಿಂಟ್ ಕಡತಗಳ ಹೆಸರು 'ಪಿಪಿಟಿ' ಎಂದು ಕೊನೆಗೊಳ್ಳುತ್ತಿತ್ತು. ಅವು ದ್ವಿಮಾನ ಸಂಕೇತಗಳ ಗಂಟುಗಳು, ಹೊರಗಿನವರು ಬಿಚ್ಚುವುದು ಕಷ್ಟ. 2007ರ ಆವೃತ್ತಿಯಿಂದ 'ಪಿಪಿಟಿಎಕ್ಸ್' ಎಂಬ ರೂಪ ಬಂದಿತು. ಇದು ವಾಸ್ತವವಾಗಿ ಒಂದು ಜಿಪ್ ಕಟ್ಟು. ಇಂಥ ಕಡತದ ಒಂದು ಪ್ರತಿ ಮಾಡಿ, ಅದರ ಹೆಸರಿನ ಬಾಲವನ್ನು 'ಜಿಪ್' ಎಂದು ಬದಲಿಸಿ ತೆರೆದು ನೋಡಿ. ಒಳಗೆ ಪ್ರತಿಯೊಂದು ಸ್ಲೈಡಿಗೂ ಒಂದೊಂದು ಎಕ್ಸ್‌ಎಂಎಲ್ ಕಡತ ಕಾಣುತ್ತದೆ. ಉಪನ್ಯಾಸಕರ ಟಿಪ್ಪಣಿಗಳು, ಗ್ರಾಫುಗಳು, ಚಿತ್ರಗಳು ಬೇರೆ ಬೇರೆ ಫೋಲ್ಡರುಗಳಲ್ಲಿರುತ್ತವೆ. ಎಕ್ಸ್‌ಎಂಎಲ್ ಎಂದರೆ ಮನುಷ್ಯರೂ ಓದಬಹುದಾದ ಪಠ್ಯ. ಸ್ಲೈಡಿನಲ್ಲಿ ಬರೆದ ಮಾತುಗಳು ಗುರುತು ಚೀಟಿಗಳ ನಡುವೆ ಹಾಗೆಯೇ ಇರುತ್ತವೆ. ಹಲವು ಕಡತಗಳಲ್ಲಿ ಒಮ್ಮೆಗೇ ಹುಡುಕುವುದು ಸುಲಭವಾದದ್ದು ಈ ರಚನೆಯಿಂದ.

ಇಷ್ಟಾದರೂ ಹುಡುಕಾಟ ತಪ್ಪುವುದೇಕೆ? ಮುಖ್ಯವಾಗಿ ಮೂರು ಕಾರಣಗಳನ್ನು ಗುರುತಿಸಬಹುದು.

ಕಣ್ಣಿಗೆ ಒಂದು ಪದ, ಕಡತದಲ್ಲಿ ಹಲವು ತುಣುಕು

ಮೊದಲನೆಯದು, ಪದ ಒಡೆದಿರುವುದು. ಪ್ರತಿ ಪ್ಯಾರಾ ಹಲವು 'ತುಣುಕು'ಗಳಿಂದ ಕೂಡಿರುತ್ತದೆ. ಒಂದೇ ಬಣ್ಣ, ಗಾತ್ರ, ಫಾಂಟ್ ಇರುವಷ್ಟು ಅಕ್ಷರಗಳು ಒಂದು ತುಣುಕು. 'ಕಿಲೋಗ್ರಾಂ' ಎಂಬುದರಲ್ಲಿ 'ಕಿಲೋ' ಮಾತ್ರ ದಪ್ಪಕ್ಷರದಲ್ಲಿದ್ದರೆ ಕಡತದಲ್ಲಿ ಅದು ಎರಡು ತುಣುಕು. ಬೆರಳಚ್ಚು ಮಾಡುವಾಗ ಕೀಲಿಮಣೆಯನ್ನು ಕನ್ನಡದಿಂದ ಇಂಗ್ಲಿಷಿಗೆ ಬದಲಿಸಿದರೂ, ನಡುವೆ ಅಕ್ಷರ ತಿದ್ದಿದರೂ ತುಣುಕಾಗಬಹುದು. 10⁻³⁴ ಎಂಬುದನ್ನೇ ನೋಡಿ. ಸಾಮಾನ್ಯವಾಗಿ ನಾವು 10 ಎಂದು ಬರೆದು, -34 ಎಂಬುದನ್ನು ಮೇಲಕ್ಕೆ ಏರಿಸುತ್ತೇವೆ. ಕಡತದಲ್ಲಿ ಅವೆರಡೂ ಬೇರೆ ಬೇರೆ. ತುಣುಕುಗಳನ್ನು ಒಂದೊಂದಾಗಿ ಹುಡುಕುವ ಪ್ರೋಗ್ರಾಮಿಗೆ ಇಂಥ ಪದ ಎಂದಿಗೂ ಸಿಗುವುದಿಲ್ಲ. ಇಡೀ ಪ್ಯಾರಾದ ತುಣುಕುಗಳನ್ನು ಜೋಡಿಸಿಕೊಂಡು ಹುಡುಕುವುದೇ ಸರಿಯಾದ ಕ್ರಮ.

ಎರಡನೆಯದು, ಮಾತು ಪಠ್ಯದ ರೂಪದಲ್ಲೇ ಇಲ್ಲದಿರುವುದು. ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿ ಅಂಟಿಸಿದ್ದರೆ ಅದರಲ್ಲಿರುವುದು ಬರಿಯ ಬಣ್ಣದ ಚುಕ್ಕೆಗಳು. ಹಳೆಯ ಸಮೀಕರಣ ಸಂಪಾದಕದಲ್ಲಿ ಬರೆದ ಸೂತ್ರಗಳೂ ಸ್ಲೈಡಿನ ಪಠ್ಯದಲ್ಲಿ ಇರುವುದಿಲ್ಲ. ಅವು ಅಡಕವಾಗಿ ಕುಳಿತ ಬೇರೆಯೇ ವಸ್ತುಗಳು. ಭೌತವಿಜ್ಞಾನದ ಸ್ಲೈಡುಗಳಲ್ಲಿ ಸ್ಥಿರಾಂಕಗಳು ಅಡಗಿರುವುದು ಹೆಚ್ಚಾಗಿ ಇಲ್ಲಿಯೇ. ಇವನ್ನು ಕಣ್ಣಿನಿಂದಲೇ ನೋಡಬೇಕು.

ಕನ್ನಡದ ಸಂಕೇತಗಳು

ಮೂರನೆಯ ಕಾರಣ ಕನ್ನಡಿಗರಾದ ನಮಗೆ ಬಹಳ ಮುಖ್ಯವಾದದ್ದು. ನನ್ನ ಕಡತ ತಪ್ಪಿಸಿಕೊಂಡದ್ದು ಇದರಿಂದಲೇ.

ಯೂನಿಕೋಡ್ ಬಳಕೆಗೆ ಬರುವ ಮೊದಲು ನಾವೆಲ್ಲ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಆಯಾ ಫಾಂಟುಗಳ ಸಂಕೇತದಲ್ಲಿ ಬರೆಯುತ್ತಿದ್ದೆವು. ಅಲ್ಲಿ ಕಂಪ್ಯೂಟರಿನ ಮಟ್ಟಿಗೆ ಕನ್ನಡ ಎಂಬುದು ಇರಲಿಲ್ಲ. ನುಡಿ ಫಾಂಟಿನಲ್ಲಿ 'ಕ' ಎಂದು ಕಾಣುವುದು ಕಡತದಲ್ಲಿ ರೋಮನ್ ಲಿಪಿಯ 'ಪಿ' ಮತ್ತು ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟುಳ್ಳ 'ಎ'. ಫಾಂಟು ಆ ಸಂಕೇತಗಳಿಗೆ ಕನ್ನಡದ ವೇಷ ಹಾಕುತ್ತಿತ್ತು, ಅಷ್ಟೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ಥಾನಗಳು ಮೀಸಲಾಗಿವೆ, 'ಕ' ಅಕ್ಷರದ ಸಂಖ್ಯೆ 3221. ಯೂನಿಕೋಡಿನಲ್ಲಿ 'ಇರಿಡಿಯಂ' ಎಂದು ಬರೆದು ಹಳೆಯ ನುಡಿ ಕಡತದಲ್ಲಿ ಹುಡುಕಿದರೆ ಎರಡೂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಸಂಬಂಧವೇ ಇಲ್ಲದ ಎರಡು ಸಾಲುಗಳು.

ಯೂನಿಕೋಡಿನ ಒಳಗೂ ಒಂದು ಸೂಕ್ಷ್ಮವಿದೆ. 'ಕೋಲಾರ' ಎಂಬುದರ ಮೊದಲ ಅಕ್ಷರ 'ಕೋ'. ಇದನ್ನು 'ಕ' ಮತ್ತು ಓತ್ವದ ಒಂದೇ ಚಿಹ್ನೆಯಿಂದ, ಅಂದರೆ 3221, 3275 ಎಂದು ಬರೆಯಬಹುದು. 'ಕ', ಒತ್ವ, ಅದರ ಮುಂದೆ ದೀರ್ಘದ ಚಿಹ್ನೆ, ಅಂದರೆ 3221, 3274, 3285 ಎಂದೂ ಬರೆಯಬಹುದು. ಪರದೆಯ ಮೇಲೆ ಎರಡೂ 'ಕೋ'. ಯೂನಿಕೋಡ್ ನಿಯಮದ ಪ್ರಕಾರವೂ ಇವು ಸಮಾನ. ಆದರೆ ಸಂಖ್ಯೆಗಳನ್ನಷ್ಟೇ ಹೋಲಿಸುವ ಪ್ರೋಗ್ರಾಮಿಗೆ ಅವು ಬೇರೆ. ಹುಡುಕುವ ಮೊದಲು ಎರಡೂ ಕಡೆಯ ಪಠ್ಯವನ್ನು ಒಂದೇ ರೂಪಕ್ಕೆ ತರಬೇಕು. ಇದಕ್ಕೆ 'ಸಾಮಾನ್ಯೀಕರಣ' ಎನ್ನುತ್ತಾರೆ. 'ಪ್ಲಾಂಕ್‌ನ' ಎಂಬಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆಯಿರುತ್ತದೆ. ಅದೂ ಹುಡುಕಾಟವನ್ನು ತಪ್ಪಿಸುತ್ತದೆ. ಕನ್ನಡ ಅಂಕಿಗಳಾದ ೬.೬೨೬ ಮತ್ತು 6.626 ಬೇರೆ ಬೇರೆ ಎಂಬುದನ್ನೂ ಮರೆಯಬಾರದು.

ಸಿಕ್ಕಿದ್ದನ್ನೆಲ್ಲ ಬದಲಿಸಬಹುದೇ?

ಸಿಗದಿರುವುದು ಒಂದು ತೊಂದರೆಯಾದರೆ, ಸಿಕ್ಕಿದ್ದನ್ನೆಲ್ಲ ಕಣ್ಣುಮುಚ್ಚಿ ಬದಲಿಸುವುದು ಇನ್ನೊಂದು. ನಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. 2007ರಲ್ಲಿ ಕೋಲಾರ ಜಿಲ್ಲೆಯನ್ನು ವಿಭಜಿಸಿ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ರಚಿಸಲಾಯಿತು. ಗೌರಿಬಿದನೂರು ಹೊಸ ಜಿಲ್ಲೆಗೆ ಸೇರಿತು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಅಲ್ಲಿ ಕಟ್ಟಿದ ರೇಡಿಯೋ ದೂರದರ್ಶಕದ ಬಗ್ಗೆ ನನ್ನ ಹಳೆಯ ಸ್ಲೈಡುಗಳಲ್ಲಿ 'ಕೋಲಾರ ಜಿಲ್ಲೆ' ಎಂದೇ ಇತ್ತು. ಇದನ್ನು ಬದಲಿಸಬೇಕಾದದ್ದು ಸರಿ. ಆದರೆ 'ಕೋಲಾರ ಜಿಲ್ಲೆ' ಇರುವ ಎಲ್ಲ ಕಡೆಯೂ 'ಚಿಕ್ಕಬಳ್ಳಾಪುರ ಜಿಲ್ಲೆ' ಎಂದು ಹಾಕಿದರೆ ಕೋಲಾರದ ಚಿನ್ನದ ಗಣಿಗಳೂ ಜಿಲ್ಲೆ ದಾಟಿಹೋಗುತ್ತವೆ, ನಮ್ಮ ಶ್ರೀನಿವಾಸಪುರವೂ ಹೋಗುತ್ತದೆ!

ಕನ್ನಡದ ವಿಭಕ್ತಿ ಪ್ರತ್ಯಯಗಳೂ ಎಚ್ಚರಿಕೆಯನ್ನು ಬೇಡುತ್ತವೆ. 2014ರ ನವೆಂಬರ್ 1ರಿಂದ ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. 'ಗುಲ್ಬರ್ಗಾ' ತೆಗೆದು 'ಕಲಬುರಗಿ' ಹಾಕಿದರೆ 'ಗುಲ್ಬರ್ಗಾದಲ್ಲಿ' ಎಂಬುದು 'ಕಲಬುರಗಿದಲ್ಲಿ' ಎಂದಾಗುತ್ತದೆ, ಆಗಬೇಕಾದದ್ದು 'ಕಲಬುರಗಿಯಲ್ಲಿ'. ಆದ್ದರಿಂದ 'ಗುಲ್ಬರ್ಗಾದಲ್ಲಿ', 'ಗುಲ್ಬರ್ಗಾದ', 'ಗುಲ್ಬರ್ಗಾಕ್ಕೆ' ಎಂಬ ರೂಪಗಳನ್ನು ಪ್ರತ್ಯೇಕವಾಗಿ ಪಟ್ಟಿಮಾಡಿ, ಉದ್ದನೆಯ ರೂಪವನ್ನು ಮೊದಲು, ಮೂಲ ಪದವನ್ನು ಕೊನೆಗೆ ಬದಲಿಸಬೇಕು.

ಅನುಸರಿಸಬೇಕಾದ ಕ್ರಮ

ಈಗ ನಾನು ಅನುಸರಿಸುವ ಕ್ರಮ ಹೀಗಿದೆ:

1. ಇಡೀ ಫೋಲ್ಡರಿನ ಪ್ರತಿ ಮಾಡಿ ಬೇರೆ ಕಡೆ ಇಡಿ. ಕೆಲಸ ನಡೆಯುವುದು ಪ್ರತಿಯ ಮೇಲೆ, ಮೂಲ ಕಡತಗಳ ಮೇಲಲ್ಲ.

2. ಹಳೆಯ ಪಿಪಿಟಿ ಕಡತಗಳನ್ನು ಪಿಪಿಟಿಎಕ್ಸ್ ರೂಪಕ್ಕೆ ತನ್ನಿ. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ತಂತ್ರಾಂಶ ಒಂದೇ ಆದೇಶದಲ್ಲಿ ಇಡೀ ಫೋಲ್ಡರನ್ನು ಪರಿವರ್ತಿಸಬಲ್ಲದು.

3. ಪ್ರತಿ ಕಡತದಲ್ಲಿ ಬಳಕೆಯಾಗಿರುವ ಫಾಂಟುಗಳ ಹೆಸರನ್ನು ಪಟ್ಟಿಮಾಡಿ. ನುಡಿ ಅಥವಾ ಬರಹ ಫಾಂಟ್ ಕಂಡರೆ ಆ ತುಣುಕುಗಳನ್ನು ಮಾತ್ರ ಯೂನಿಕೋಡಿಗೆ ಪರಿವರ್ತಿಸಿ. ಇಡೀ ಸ್ಲೈಡನ್ನು ಪರಿವರ್ತಿಸಿದರೆ ಅದರಲ್ಲಿರುವ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ.

4. ಮೊದಲ ಸುತ್ತಿನಲ್ಲಿ ಹುಡುಕಿ, ಬದಲಿಸಬೇಡಿ. ಕಡತದ ಹೆಸರು, ಸ್ಲೈಡಿನ ಸಂಖ್ಯೆ, ಪದವಿರುವ ಇಡೀ ವಾಕ್ಯ ಇವಿಷ್ಟೂ ಒಂದು ಕೋಷ್ಟಕದಲ್ಲಿ ಬರಲಿ. ಕೋಷ್ಟಕಗಳ ಕೋಣೆಗಳು, ಗುಂಪುಗೂಡಿಸಿದ ಆಕೃತಿಗಳು, ಟಿಪ್ಪಣಿಗಳು, ಗ್ರಾಫಿನ ಶೀರ್ಷಿಕೆಗಳು ಹುಡುಕಾಟದಲ್ಲಿ ಸೇರಿವೆಯೇ ಎಂದು ನೋಡಿ.

5. ಆ ಪಟ್ಟಿಯನ್ನು ನೀವೇ ಓದಿ, ಬದಲಿಸಬೇಕಾದ ಸಾಲುಗಳಿಗೆ ಮಾತ್ರ ಗುರುತು ಹಾಕಿ.

6. ಎರಡನೆಯ ಸುತ್ತಿನಲ್ಲಿ ಗುರುತು ಹಾಕಿದವುಗಳನ್ನು ಮಾತ್ರ ಬದಲಿಸಿ. ಹೊಸ ಪದವನ್ನು ಮೊದಲ ತುಣುಕಿನಲ್ಲಿಟ್ಟು, ಮುಂದಿನ ತುಣುಕುಗಳಿಂದ ಹಳೆಯ ಅಕ್ಷರಗಳನ್ನು ತೆಗೆದರೆ ಬಣ್ಣ, ಗಾತ್ರ ಕೆಡುವುದಿಲ್ಲ.

7. ತಿದ್ದಿದ ಸ್ಲೈಡುಗಳನ್ನು ತೆರೆದು ನೋಡಿ. ಹೊಸ ಪದ ಉದ್ದವಾಗಿದ್ದರೆ ಸಾಲು ಚೌಕಟ್ಟಿನಿಂದ ಹೊರಗೆ ಹೋಗಿರಬಹುದು.

ಪೈಥಾನ್ ಭಾಷೆಯಲ್ಲಿ ಪಿಪಿಟಿಎಕ್ಸ್ ಕಡತಗಳನ್ನು ಓದಿ ಬರೆಯಲು ಉಚಿತ ಪ್ರೋಗ್ರಾಮ್ ಸಂಗ್ರಹವಿದೆ. ಅದರ ನೆರವಿನಿಂದ ನಾಲ್ಕರಿಂದ ಆರರವರೆಗಿನ ಹಂತಗಳನ್ನು ಪದವಿ ತರಗತಿಯ ವಿದ್ಯಾರ್ಥಿಗಳೂ ಬರೆಯಬಲ್ಲರು. ಐದನೆಯ ಹಂತವನ್ನು ಮಾತ್ರ ಯಂತ್ರಕ್ಕೆ ಬಿಡಬಾರದು.

ಸೊನ್ನೆಗೂ ಪರೀಕ್ಷೆ ಬೇಕು

ಇನ್ನೊಂದು ಮಾತು. 'ಸಿಗಲಿಲ್ಲ' ಎಂಬುದು ಒಂದು ಪ್ರಯೋಗದ ಸೊನ್ನೆ ಫಲಿತಾಂಶವಿದ್ದಂತೆ. ಅದನ್ನು ಯಾವಾಗ ನಂಬಬೇಕು? ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ನೆಲದಡಿಯಲ್ಲೇ ಇದೆ. ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳನ್ನು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಗಳಲ್ಲಿ ಬೇರೆ ಬೇರೆ ಆಳಗಳಲ್ಲಿ ಎಣಿಸಿದರು. ಆಳ ಹೆಚ್ಚಿದಂತೆ ಎಣಿಕೆ ಕಡಿಮೆಯಾಗುತ್ತ ಹೋಯಿತು. ಸುಮಾರು 2.7 ಕಿ.ಮೀ. ಆಳದಲ್ಲಿ ಎರಡು ತಿಂಗಳ ಕಾಲ ಒಂದು ಕಣವೂ ದಾಖಲಾಗಲಿಲ್ಲ. ಆ ಸೊನ್ನೆಗೆ ಬೆಲೆ ಬಂದದ್ದು ಮೇಲಿನ ಮಟ್ಟಗಳಲ್ಲಿ ಎಣಿಕೆ ಸರಿಯಾಗಿ ನಡೆದಿದ್ದರಿಂದ. ಅಷ್ಟು ಆಳದಲ್ಲಿ ಮ್ಯೂಆನ್‌ಗಳ ಗದ್ದಲ ಇಲ್ಲವೆಂದು ಖಚಿತವಾದುದರಿಂದಲೇ ಅಲ್ಲಿ ನ್ಯೂಟ್ರಿನೋಗಳನ್ನು ಹುಡುಕುವ ಧೈರ್ಯ ಬಂದಿತು. 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಸುಳಿವು ಆ ಗಣಿಯಲ್ಲಿ ದೊರೆಯಿತು.

ನಮ್ಮ ಹುಡುಕಾಟಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಪ್ರತಿ ಕಡತದಲ್ಲಿಯೂ ಖಂಡಿತವಾಗಿ ಇರುವ ಒಂದು ಪದವನ್ನು ಮೊದಲು ಹುಡುಕಿಸಿ. ನನ್ನ ಕಡತಗಳಲ್ಲಿ 'ಭೌತವಿಜ್ಞಾನ' ಎಂಬ ಪದವಿಲ್ಲದ ಕಡತವಿಲ್ಲ. ಯಾವ ಕಡತದಲ್ಲಿ ಆ ಪದವೂ ಸಿಗುವುದಿಲ್ಲವೋ ಅದರ ಬಗ್ಗೆ ಪ್ರೋಗ್ರಾಮ್ ಕೊಡುವ ಬೇರಾವ 'ಸಿಗಲಿಲ್ಲ'ವನ್ನೂ ನಂಬಬೇಡಿ. ಅಂದು ಹೀಗೆ ಮಾಡಿದ್ದರೆ ನುಡಿ ಫಾಂಟಿನ ಆ ಕಡತ ಒಂದು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು.

ಆದರೆ ಎಷ್ಟೇ ಎಚ್ಚರಿಕೆಯಿಂದ ಮಾಡಿದರೂ ಹುಡುಕಾಟಕ್ಕೆ ಸಿಗುವುದು ಅಕ್ಷರಗಳು ಮಾತ್ರ. 'ನೀರಿನ ತ್ರಿಬಿಂದು ನಿಖರವಾಗಿ 273.16 ಕೆಲ್ವಿನ್' ಎಂಬ ವಾಕ್ಯ 2019ರವರೆಗೆ ವ್ಯಾಖ್ಯೆಯಿಂದಲೇ ಸರಿಯಾಗಿತ್ತು. ಈಗ ಬೋಲ್ಟ್ಸ್‌ಮನ್ ಸ್ಥಿರಾಂಕ 1.380649 × 10⁻²³ ಜೌಲ್ ಪ್ರತಿ ಕೆಲ್ವಿನ್ ಎಂದು ನಿಗದಿಯಾಗಿರುವುದರಿಂದ ತ್ರಿಬಿಂದುವಿನ ತಾಪವನ್ನು ಅಳೆದೇ ತಿಳಿಯಬೇಕು. ಸಂಖ್ಯೆ ಅದೇ ಇದೆ, 'ನಿಖರವಾಗಿ' ಎಂಬ ಮಾತು ಮಾತ್ರ ತಪ್ಪಾಗಿದೆ. ಇದನ್ನು ಯಾವ ಪ್ರೋಗ್ರಾಮೂ ತಾನಾಗಿ ಹೇಳಲಾರದು. ಪಾಠ ಬಲ್ಲ ಶಿಕ್ಷಕರು ವರ್ಷಕ್ಕೊಮ್ಮೆಯಾದರೂ ತಮ್ಮ ಸ್ಲೈಡುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು.

ಕಾರ್ಯಾಗಾರದ ಮರುದಿನ ತಿದ್ದಿದ ಕಡತವನ್ನು ಎಲ್ಲ ಶಿಕ್ಷಕರಿಗೂ ಕಳುಹಿಸಿದೆ. ಹಳೆಯದನ್ನು ಅಳಿಸಿಹಾಕಿ ಎಂದು ಕೇಳಿಕೊಂಡು, ಮೊದಲ ಸ್ಲೈಡಿನಲ್ಲಿ ತಿದ್ದಿದ ದಿನಾಂಕವನ್ನೂ ಬರೆದೆ. ನೀವೂ ನಿಮ್ಮ ಪ್ರತಿ ಪ್ರಸ್ತುತಿಯ ಮೊದಲ ಸ್ಲೈಡಿನಲ್ಲಿ ದಿನಾಂಕ ಹಾಕುವ ರೂಢಿ ಇಟ್ಟುಕೊಳ್ಳಿ. ಪೆನ್‌ಡ್ರೈವಿನಲ್ಲಿ ಎರಡು ಪ್ರತಿಗಳು ಸಿಕ್ಕಾಗ ಯಾವುದನ್ನು ತರಗತಿಗೆ ಒಯ್ಯಬೇಕೆಂಬುದು ಆಗ ತಿಳಿಯುತ್ತದೆ.