ದ್ಯುತಿಮುದ್ರಿಕೆಗಳೂ ಅವುಗಳ ಪ್ರತಿಸ್ಪರ್ಧಿಗಳೂ: ಸಂಶೋಧನ ಸಾಮಗ್ರಿಯ ಸಂರಕ್ಷಣೆಯ ದೃಷ್ಟಿಯಿಂದ ಒಂದು ವಿವೇಚನೆ

ಓಲೆಗರಿ ಹಸ್ತಪ್ರತಿಗಳ ಛಾಯಾಚಿತ್ರಗಳು, ಶಾಸನಗಳ ಪಡಿಯಚ್ಚುಗಳು, ಜನಪದ ಗಾಯಕರ ಧ್ವನಿಮುದ್ರಣಗಳು, ಹಳೆಯ ಪತ್ರಿಕೆಗಳ ಪುಟಗಳು ಕನ್ನಡ ಸಂಶೋಧಕರ ನಿಜವಾದ ಆಸ್ತಿ. ಕರ್ನಾಟಕದಿಂದ ದೂರದಲ್ಲಿದ್ದು ಕೆಲಸ ಮಾಡುವವರಿಗೆ ಮೂಲ ಆಕರಗಳು ಪದೇಪದೇ ಕೈಗೆಟುಕುವಂತಿಲ್ಲ. ಆದಕಾರಣ ಒಮ್ಮೆ ದೊರೆತ ಪ್ರತಿಯನ್ನು ಕಾಪಾಡಿಕೊಳ್ಳುವುದು ಅವರಿಗೆ ಇನ್ನೂ ಮುಖ್ಯವಾದ ಕೆಲಸವಾಗುತ್ತದೆ. ಇಂಥ ಸಾಮಗ್ರಿಯನ್ನು ಯಾವ ವಾಹಕದಲ್ಲಿ ಇಡಬೇಕು ಎಂಬ ಪ್ರಶ್ನೆ ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು 'ಎಷ್ಟು ಹಿಡಿಸುತ್ತದೆ?' ಎಂಬುದನ್ನು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎಂಬುದನ್ನು, ಬೆಳಕಿನಿಂದ ಬರೆದು ಬೆಳಕಿನಿಂದಲೇ ಓದುವ ಮುದ್ರಿಕೆಗಳ ಕಥೆಯನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂಲತತ್ತ್ವ

ಸಿ.ಡಿ. ಎಂದು ಎಲ್ಲರೂ ಬಲ್ಲ ಅಡಕ ಮುದ್ರಿಕೆಯನ್ನು ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಜಂಟಿಯಾಗಿ ರೂಪಿಸಿದವು. 1982ರಲ್ಲಿ ಅದು ಸಂಗೀತದ ವಾಹಕವಾಗಿ ಜಪಾನಿನ ಮಾರುಕಟ್ಟೆಗೆ ಬಂದಿತು. 12 ಸೆಂಟಿಮೀಟರ್ ವ್ಯಾಸದ ಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆಯಲ್ಲಿ, ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಒಂದು ಜಾಡು ಇರುತ್ತದೆ. ಬಿಡಿಸಿ ಚಾಚಿದರೆ ಅದರ ಉದ್ದ ಸುಮಾರು 5 ಕಿಲೋಮೀಟರ್. ಈ ಜಾಡಿನ ತುಂಬ ಸೂಕ್ಷ್ಮವಾದ ಕುಳಿಗಳೂ ಅವುಗಳ ನಡುವೆ ಸಮತಟ್ಟಾದ ಎಡೆಗಳೂ ಇದ್ದು, ಇವುಗಳ ಮೇಲೆ ಲೋಹದ ತೆಳುವಾದ ಲೇಪವಿರುತ್ತದೆ. ಲೇಸರ್ ಕಿರಣವು ಸಮತಟ್ಟಾದ ಎಡೆಯ ಮೇಲೆ ಬಿದ್ದಾಗ ಪ್ರಖರವಾಗಿ ಮರಳುತ್ತದೆ. ಕುಳಿಯ ಮೇಲೆ ಬಿದ್ದಾಗ, ಕುಳಿಯಿಂದಲೂ ಅದರ ಅಂಚಿನಿಂದಲೂ ಮರಳುವ ಅಲೆಗಳು ಒಂದನ್ನೊಂದು ಅಳಿಸಿ ಬೆಳಕು ಮಸುಕಾಗುತ್ತದೆ. ಬೆಳಕಿನ ಈ ಏರಿಳಿತವನ್ನೇ ಗಣಕಯಂತ್ರವು ಸೊನ್ನೆ ಮತ್ತು ಒಂದುಗಳ ಸಾಲಾಗಿ ಗ್ರಹಿಸುತ್ತದೆ.

ಮುದ್ರಿಕೆಯ ಮೇಲೆ ಸಣ್ಣ ಗೀರು ಬಿದ್ದರೂ ಅದು ಓದಿಸಿಕೊಳ್ಳುವುದು ಹೇಗೆ? ಇದಕ್ಕೆ ಉತ್ತರವಿರುವುದು ಅಮೆರಿಕದ ಗಣಿತಜ್ಞರಾದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಅವರು 1960ರಲ್ಲಿ ಪ್ರಕಟಿಸಿದ ದೋಷಪರಿಹಾರ ವಿಧಾನದಲ್ಲಿ. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಇದು ಅಪರಿಚಿತವಾದ ಯುಕ್ತಿಯಲ್ಲ. ಕಂದಪದ್ಯದ ಒಂದು ಪಾದದಲ್ಲಿ ಎರಡನೆಯ ಅಕ್ಷರವನ್ನು ಹುಳು ತಿಂದಿದ್ದರೆ, ಉಳಿದ ಪಾದಗಳ ಆದಿಪ್ರಾಸವು ಅಲ್ಲಿದ್ದ ವ್ಯಂಜನವನ್ನು ಸೂಚಿಸುತ್ತದೆ. ಮಾತ್ರೆಗಳ ಎಣಿಕೆಯು ಅದು ಲಘುವೋ ಗುರುವೋ ಎಂಬುದನ್ನು ತಿಳಿಸುತ್ತದೆ. ಛಂದಸ್ಸೆಂಬುದು ಅರ್ಥಕ್ಕೆ ಅಗತ್ಯವಾದುದಕ್ಕಿಂತ ಹೆಚ್ಚಿನ ಕಟ್ಟು. ಆ ಹೆಚ್ಚಿನ ಕಟ್ಟೇ ಲುಪ್ತಪಾಠವನ್ನು ತುಂಬಿಕೊಳ್ಳಲು ನೆರವಾಗುತ್ತದೆ. ಸಿ.ಡಿ.ಯಲ್ಲಿಯೂ ಮೂಲ ಅಂಕಿಗಳ ಜೊತೆಗೆ ಅವುಗಳಿಂದಲೇ ಲೆಕ್ಕಹಾಕಿದ ಹೆಚ್ಚುವರಿ ಅಂಕಿಗಳನ್ನು ಸೇರಿಸಿ, ಎಲ್ಲವನ್ನೂ ಜಾಡಿನ ಉದ್ದಕ್ಕೆ ಚೆದುರಿಸಿ ಇಡಲಾಗುತ್ತದೆ. ಇದರಿಂದ ಜಾಡಿನ ಮೇಲೆ ಸುಮಾರು 2.5 ಮಿಲಿಮೀಟರ್ ಉದ್ದದ ಭಾಗ ಕೆಟ್ಟರೂ ಪಾಠವನ್ನು ಪೂರ್ಣವಾಗಿ ಮರಳಿ ಪಡೆಯಬಹುದು. ಹಾನಿಯು ಈ ಮಿತಿಯನ್ನು ಮೀರಿದರೆ ಮಾತ್ರ ಮುದ್ರಿಕೆ ಮೂಕವಾಗುತ್ತದೆ.

ಸಾಮರ್ಥ್ಯ ಹೆಚ್ಚಿದ ಬಗೆ

ಲೇಸರ್ ಕಿರಣವನ್ನು ಎಷ್ಟು ಚಿಕ್ಕ ಬಿಂದುವಾಗಿ ಕೂಡಿಸಬಹುದು ಎಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ಬೆಳಕಿನ ತರಂಗಾಂತರ, ಮತ್ತು ಮಸೂರವು ಎಷ್ಟು ಅಗಲವಾದ ಕೋನದಿಂದ ಬೆಳಕನ್ನು ಒಟ್ಟುಗೂಡಿಸುತ್ತದೆ ಎಂಬುದು. ತರಂಗಾಂತರ ಕಡಮೆಯಾದಷ್ಟೂ ಕೋನ ಹಿಗ್ಗಿದಷ್ಟೂ ಬಿಂದು ಕಿರಿದಾಗುತ್ತದೆ, ಜಾಡುಗಳನ್ನು ಒತ್ತೊತ್ತಾಗಿ ಇಡಬಹುದು. ಸಿ.ಡಿ.ಯು 780 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಲೇಸರನ್ನು ಬಳಸುತ್ತದೆ. ಜಾಡುಗಳ ನಡುವಣ ಅಂತರ 1.6 ಮೈಕ್ರಾನ್, ಸಾಮರ್ಥ್ಯ ಸುಮಾರು 650 ಮೆಗಾಬೈಟ್. 1996ರಲ್ಲಿ ಬಂದ ಡಿ.ವಿ.ಡಿ.ಯಲ್ಲಿ 650 ನ್ಯಾನೋಮೀಟರಿನ ಕೆಂಪು ಬೆಳಕು, 0.74 ಮೈಕ್ರಾನ್ ಅಂತರ, ಒಂದು ಪದರದಲ್ಲಿ 4.7 ಗಿಗಾಬೈಟ್. ಬ್ಲೂ-ರೇ ಮುದ್ರಿಕೆಯಲ್ಲಿ 405 ನ್ಯಾನೋಮೀಟರಿನ ನೀಲ-ನೇರಳೆ ಬೆಳಕು, 0.32 ಮೈಕ್ರಾನ್ ಅಂತರ, ಪ್ರತಿ ಪದರಕ್ಕೆ 25 ಗಿಗಾಬೈಟ್. ಮುದ್ರಿಕೆಯ ಗಾತ್ರ ಮಾತ್ರ ಮೊದಲಿನಿಂದಲೂ ಅದೇ 12 ಸೆಂಟಿಮೀಟರ್.

ಈ ಅಂಕಿಗಳ ಅರ್ಥವನ್ನು ನಮ್ಮ ಕ್ಷೇತ್ರದ ಒಂದು ಲೆಕ್ಕದಿಂದ ತಿಳಿಯಬಹುದು. 200 ಗರಿಗಳ ಒಂದು ಓಲೆಕಟ್ಟಿನ ಎರಡೂ ಮೈಗಳನ್ನು ವರ್ಣದಲ್ಲಿ ಚಿತ್ರಿಸಿದೆವೆಂದೂ ಪ್ರತಿ ಚಿತ್ರಕ್ಕೆ 25 ಮೆಗಾಬೈಟ್ ಬೇಕಾಯಿತೆಂದೂ ಇಟ್ಟುಕೊಳ್ಳೋಣ. ಆಗ 400 ಚಿತ್ರಗಳಿಗೆ 10 ಗಿಗಾಬೈಟ್ ಬೇಕು. ಅದಕ್ಕೆ 16 ಸಿ.ಡಿ.ಗಳು ಬೇಕಾಗುತ್ತವೆ, ಇಲ್ಲವೇ 3 ಡಿ.ವಿ.ಡಿ.ಗಳು. ಬ್ಲೂ-ರೇ ಆದರೆ ಒಂದು ಪದರದ ಅರ್ಧಕ್ಕಿಂತ ಕಡಮೆ ಜಾಗ ಸಾಕು. ಅದೇ ಕೃತಿಯನ್ನು ಅಕ್ಷರಜೋಡಣೆ ಮಾಡಿ ಪಠ್ಯವಾಗಿ ಇಟ್ಟರೆ ಕೆಲವೇ ಮೆಗಾಬೈಟುಗಳು ಸಾಕಾಗುತ್ತವೆ.

ಮಾನಕಗಳ ಕದನ

ನೀಲಿ ಬೆಳಕಿನ ಯುಗದ ಆರಂಭದಲ್ಲಿ ಎರಡು ಮಾನಕಗಳ ನಡುವೆ ಉಗ್ರ ಪೈಪೋಟಿ ನಡೆಯಿತು. ತೋಶಿಬಾ ಮುಂದಾಳತ್ವದ ಎಚ್.ಡಿ. ಡಿ.ವಿ.ಡಿ.ಯು ಪದರಕ್ಕೆ 15 ಗಿಗಾಬೈಟನ್ನಷ್ಟೇ ಹಿಡಿಸುತ್ತಿತ್ತು. ಆದರೆ ರಚನೆಯಲ್ಲಿ ಹಳೆಯ ಡಿ.ವಿ.ಡಿ.ಗೆ ಹತ್ತಿರವಾಗಿದ್ದುದರಿಂದ ಇದ್ದ ಕಾರ್ಖಾನೆಗಳಲ್ಲಿಯೇ ಕಡಮೆ ಮಾರ್ಪಾಟಿನಿಂದ ತಯಾರಿಸಬಹುದಾಗಿತ್ತು. ಸೋನಿ ಮತ್ತು ಇತರ ಸಂಸ್ಥೆಗಳ ಬ್ಲೂ-ರೇಯಲ್ಲಿ ಮಾಹಿತಿಯ ಪದರವು ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಆಳದಲ್ಲಿದ್ದು, ಹೊಸ ತಯಾರಿಕಾ ವ್ಯವಸ್ಥೆಯನ್ನೂ ಗಟ್ಟಿಯಾದ ರಕ್ಷಾಲೇಪವನ್ನೂ ಬೇಡುತ್ತಿತ್ತು. 2008ರ ಜನವರಿಯಲ್ಲಿ ವಾರ್ನರ್ ಚಲನಚಿತ್ರ ಸಂಸ್ಥೆಯು ಬ್ಲೂ-ರೇ ಪಕ್ಷಕ್ಕೆ ಸೇರಿತು. ಫೆಬ್ರವರಿ 19ರಂದು ತೋಶಿಬಾ ಕಣದಿಂದ ಹಿಂದೆ ಸರಿಯಿತು. ಎಚ್.ಡಿ. ಡಿ.ವಿ.ಡಿ. ತಾಂತ್ರಿಕವಾಗಿ ಕೆಟ್ಟದ್ದೇನೂ ಆಗಿರಲಿಲ್ಲ. ಆದರೂ ಅದನ್ನು ನಂಬಿ ಕೊಂಡವರ ಕೈಯಲ್ಲಿ ಎರಡೇ ವರ್ಷಗಳಲ್ಲಿ ಅನಾಥವಾದ ಯಂತ್ರಗಳು ಉಳಿದವು. ವಾಹಕದ ಆಯುಸ್ಸನ್ನು ಅದರ ಗುಣವೊಂದೇ ನಿರ್ಣಯಿಸುವುದಿಲ್ಲವೆಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಗೆದ್ದ ಪಕ್ಷದ ಸ್ಥಿತಿಯನ್ನೂ ಇಲ್ಲಿ ಗಮನಿಸಬೇಕು. 2010ರಲ್ಲಿ ಮೂರು ಮತ್ತು ನಾಲ್ಕು ಪದರಗಳ, 100 ಮತ್ತು 128 ಗಿಗಾಬೈಟ್ ಸಾಮರ್ಥ್ಯದ ಬ್ಲೂ-ರೇ ಮಾನಕವು ರೂಪುಗೊಂಡಿತು. 2014ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ಸಂಸ್ಥೆಗಳು ದಾಖಲೆ ಸಂಗ್ರಹಾಲಯಗಳಿಗಾಗಿ 300 ಗಿಗಾಬೈಟಿನಿಂದ ಆರಂಭವಾಗುವ ಹೊಸ ಮುದ್ರಿಕೆಯನ್ನು ಪ್ರಕಟಿಸಿದವು. ಆದರೆ ಚಲನಚಿತ್ರ ಮತ್ತು ಸಂಗೀತಗಳು ಅಂತರಜಾಲದ ಮೂಲಕ ಹರಿಯತೊಡಗಿದ ಮೇಲೆ ಜನಸಾಮಾನ್ಯರ ಬೇಡಿಕೆ ಕುಗ್ಗಿತು. 2025ರ ಫೆಬ್ರವರಿಯಲ್ಲಿ ಸೋನಿ ಸಂಸ್ಥೆಯು ಬರೆಯಬಲ್ಲ ಬ್ಲೂ-ರೇ ಮುದ್ರಿಕೆಗಳ ತಯಾರಿಕೆಯನ್ನೇ ನಿಲ್ಲಿಸಿತು.

ಬರಲಿರುವ ವಾಹಕಗಳು

ಮೇಲ್ಮೈಯ ಬದಲು ವಸ್ತುವಿನ ಇಡೀ ಘನಗಾತ್ರದಲ್ಲಿ ಬರೆಯುವ ಆಲೋಚನೆಯೂ ಹಳೆಯದೇ. ಡೆನಿಸ್ ಗ್ಯಾಬರ್ ಕಂಡುಹಿಡಿದ ಹೊಲೋಗ್ರಾಮ್ ತತ್ತ್ವವನ್ನು ಆಧರಿಸಿ, ಬೆಲ್ ಪ್ರಯೋಗಾಲಯದಿಂದ 2000ದಲ್ಲಿ ಹೊರಬಂದ ಇನ್‌ಫೇಸ್ ಎಂಬ ಸಂಸ್ಥೆಯು 300 ಗಿಗಾಬೈಟಿನ ಮುದ್ರಿಕೆಯನ್ನು ಸಾರಿತು. ಆದರೆ ಮಾರುಕಟ್ಟೆಯಲ್ಲಿ ನೆಲೆಯೂರದೆಯೇ 2010ರಲ್ಲಿ ಅದರ ಕೆಲಸ ನಿಂತಿತು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು 2013ರಲ್ಲಿ ಸ್ಫಟಿಕಶುದ್ಧ ಗಾಜಿನೊಳಗೆ ಅತ್ಯಲ್ಪಾವಧಿಯ ಲೇಸರ್ ಮಿಡಿತಗಳಿಂದ ಬರೆಯುವ ವಿಧಾನವನ್ನು ಪ್ರದರ್ಶಿಸಿದರು. ಇದೇ ಜಾಡಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು 2019ರಲ್ಲಿ 75 ಮಿಲಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಗಾಜಿನ ಬಿಲ್ಲೆಯೊಂದರಲ್ಲಿ 'ಸೂಪರ್‌ಮ್ಯಾನ್' ಚಲನಚಿತ್ರವನ್ನು ಅಡಗಿಸಿತು. ಅದರ ಗಾತ್ರ 75.6 ಗಿಗಾಬೈಟ್. 2024ರ ಫೆಬ್ರವರಿಯಲ್ಲಿ ಶಾಂಘಾಯಿಯ ಸಂಶೋಧಕರು 100 ಪದರಗಳಲ್ಲಿ ಬರೆದು, ಸಿ.ಡಿ.ಯ ಅಳತೆಯ ಒಂದೇ ಮುದ್ರಿಕೆಯಲ್ಲಿ ಸುಮಾರು 200 ಟೆರಾಬೈಟ್ ಇಡಲು ಸಾಧ್ಯವೆಂದು ವರದಿ ಮಾಡಿದರು. ಗಾಜು ಬಿಸಿಗೂ ನೀರಿಗೂ ಬಗ್ಗುವುದಿಲ್ಲವೆಂಬುದು ದೊಡ್ಡ ಆಕರ್ಷಣೆ. ಆದರೆ ಇವು ಪ್ರಯೋಗಾಲಯದ ಸಾಧನೆಗಳು. ಸಾಮಾನ್ಯ ಸಂಶೋಧಕರು ಅಂಗಡಿಯಲ್ಲಿ ಕೊಳ್ಳಬಹುದಾದ ಸಲಕರಣೆಗಳಲ್ಲ.

ಪ್ರತಿಸ್ಪರ್ಧಿಗಳು

ದ್ಯುತಿಮುದ್ರಿಕೆಗೆ ಎದುರಾಗಿ ನಿಂತಿರುವ ವಾಹಕಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಹಾರ್ಡ್ ಡಿಸ್ಕ್. 1956ರಲ್ಲಿ ಐ.ಬಿ.ಎಂ. ಸಂಸ್ಥೆಯ ಮೊದಲ ಯಂತ್ರವು 50 ತಟ್ಟೆಗಳಲ್ಲಿ 50 ಲಕ್ಷ ಅಕ್ಷರಗಳನ್ನು ಹಿಡಿಸುತ್ತಿತ್ತು. 2024ರಲ್ಲಿ ಒಂದೇ ಪೆಟ್ಟಿಗೆಯಲ್ಲಿ 30 ಟೆರಾಬೈಟಿಗೂ ಹೆಚ್ಚು ಹಿಡಿಸುವ ಡಿಸ್ಕುಗಳು ಪ್ರಕಟವಾದವು. ಬೆಲೆ ಅಗ್ಗ, ವೇಗ ಹೆಚ್ಚು. ಆದರೆ ಸದಾ ತಿರುಗುವ ಯಂತ್ರಭಾಗಗಳು ಒಂದು ದಿನ ಕೆಡುವುದು ನಿಶ್ಚಿತ. ಎರಡನೆಯದು ಕಾಂತೀಯ ಟೇಪು. ಎಲ್.ಟಿ.ಓ. ಎಂಬ ಮಾನಕದ ಟೇಪು 2000ದಲ್ಲಿ 100 ಗಿಗಾಬೈಟಿನಿಂದ ಆರಂಭವಾಗಿ 2021ರ ಒಂಬತ್ತನೆಯ ಪೀಳಿಗೆಯಲ್ಲಿ 18 ಟೆರಾಬೈಟನ್ನು ಮುಟ್ಟಿತು. ದೊಡ್ಡ ಸಂಸ್ಥೆಗಳಿಗೆ ಇದು ಬಹಳ ಮಿತವ್ಯಯದ ವಾಹಕ. ಆದರೆ ಓದುವ ಯಂತ್ರ ದುಬಾರಿ. ಒಂಬತ್ತನೆಯ ಪೀಳಿಗೆಯ ಯಂತ್ರವು ತನಗಿಂತ ಹಿಂದಿನ ಒಂದು ಪೀಳಿಗೆಯ ಟೇಪನ್ನು ಮಾತ್ರ ಓದಬಲ್ಲದು. ಮೂರನೆಯದು ಪೆನ್ ಡ್ರೈವ್ ಮೊದಲಾದವುಗಳಲ್ಲಿರುವ ಫ್ಲ್ಯಾಶ್ ಸ್ಮೃತಿ. ಇದರಲ್ಲಿ ಮಾಹಿತಿಯು ಸೆರೆಹಿಡಿದ ವಿದ್ಯುದಾವೇಶದ ರೂಪದಲ್ಲಿರುತ್ತದೆ. ಬಳಸದೆ ಇಟ್ಟರೆ ಆವೇಶವು ಮೆಲ್ಲಗೆ ಸೋರಿಹೋಗುತ್ತದೆ. ಸಾಗಿಸಲು ಇದು ತಕ್ಕದ್ದು, ಕಾದಿರಿಸಲು ತಕ್ಕದ್ದಲ್ಲ. ಅಂತರಜಾಲದಲ್ಲಿ ಬಾಡಿಗೆಗೆ ದೊರೆಯುವ ಸಂಗ್ರಹವೂ ಕೊನೆಗೆ ಈ ಡಿಸ್ಕು, ಟೇಪುಗಳ ಮೇಲೆಯೇ ನಿಂತಿದೆ.

ದ್ಯುತಿಮುದ್ರಿಕೆಯಲ್ಲಿಯೂ ಒಂದು ಭೇದವನ್ನು ಗುರುತಿಸಬೇಕು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿ.ಡಿ.ಯ ಕುಳಿಗಳು ಪ್ಲಾಸ್ಟಿಕ್ಕಿನಲ್ಲಿಯೇ ಮೂಡಿರುತ್ತವೆ. ನಾವು ನಾವೇ ಬರೆದುಕೊಳ್ಳುವ ಸಿ.ಡಿ.ಯಲ್ಲಿ ಲೇಸರ್ ಸುಟ್ಟು ಗುರುತಿಸುವುದು ಬಣ್ಣದ ಒಂದು ಪದರವನ್ನು; ಆ ಬಣ್ಣವು ಬಿಸಿಲು, ಸೆಕೆ, ತೇವಗಳಿಗೆ ಕೆಡುತ್ತದೆ. ಮುಂಬಯಿ, ಚೆನ್ನೈಗಳಂಥ ಕಡಲತೀರದ ಊರುಗಳಲ್ಲಿ ಇದನ್ನು ಮರೆಯುವಂತಿಲ್ಲ. ಪ್ರತಿಫಲಿಸುವ ಲೋಹಪದರವು ಹೆಸರು ಬರೆಯುವ ಮೈಗೆ ಅತಿ ಸಮೀಪದಲ್ಲಿರುವುದರಿಂದ ಆ ಕಡೆ ಚೂಪಾದ ಲೇಖನಿಯಿಂದ ಬರೆಯುವುದೂ ಅಪಾಯಕಾರಿ.

ಒಂದು ಎಚ್ಚರಿಕೆಯ ಕಥೆ

ವಾಹಕ ಚೆನ್ನಾಗಿದ್ದರೂ ಮಾಹಿತಿ ಕೈತಪ್ಪಬಹುದೆಂಬುದಕ್ಕೆ ಇಂಗ್ಲೆಂಡಿನ ಡೂಮ್ಸ್‌ಡೇ ಯೋಜನೆ ಪ್ರಸಿದ್ಧ ಉದಾಹರಣೆ. 1086ರಲ್ಲಿ ಅಲ್ಲಿಯ ಅರಸ ಮಾಡಿಸಿದ ಭೂಮಿ-ಜನರ ಲೆಕ್ಕದ ಪುಸ್ತಕಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಸಮಕಾಲೀನ ಬ್ರಿಟನ್ನಿನ ಚಿತ್ರವನ್ನು ಎರಡು ದೊಡ್ಡ ದ್ಯುತಿಮುದ್ರಿಕೆಗಳಲ್ಲಿ ಅಡಕಗೊಳಿಸಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿ ಪಾಲ್ಗೊಂಡಿದ್ದರು. ಅದನ್ನು ಓದಲು ವಿಶೇಷವಾದ ಯಂತ್ರವೂ ಆ ಕಾಲದ ಒಂದು ನಿರ್ದಿಷ್ಟ ಗಣಕವೂ ಬೇಕಾಗಿದ್ದವು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅಂಥ ಯಂತ್ರಗಳು ವಿರಳವಾದವು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ತಜ್ಞರು ಹಳೆಯ ಗಣಕವನ್ನು ಹೊಸದರೊಳಗೆ ಅನುಕರಿಸಿ ಅದನ್ನು ಮತ್ತೆ ಓದುವಂತೆ ಮಾಡಬೇಕಾಯಿತು. ಚರ್ಮದ ಹಾಳೆಗಳ ಮೇಲೆ ಶಾಯಿಯಲ್ಲಿ ಬರೆದ 1086ರ ಮೂಲ ಪುಸ್ತಕವನ್ನಾದರೋ ಲಿಪಿ ಮತ್ತು ಲ್ಯಾಟಿನ್ ಭಾಷೆ ಬಲ್ಲವರು ಇಂದಿಗೂ ಬರಿಗಣ್ಣಿನಿಂದ ಓದಬಹುದು.

ಕನ್ನಡಕ್ಕೆ ಈ ತೊಡಕು ಇನ್ನೊಂದು ಬಗೆಯಲ್ಲಿಯೂ ಒದಗಿದೆ. 1991ರಲ್ಲಿಯೇ ಯೂನಿಕೋಡ್ ಮಾನಕದ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಬಹುಕಾಲ ನಮ್ಮ ಅಕ್ಷರಜೋಡಣೆ ನಡೆದದ್ದು ಆಯಾ ತಂತ್ರಾಂಶದ ಫಾಂಟುಗಳಿಗೆ ಮಾತ್ರ ತಿಳಿಯುವ ಸಂಕೇತಗಳಲ್ಲಿ. ಅಂಥ ಕಡತವಿರುವ ಸಿ.ಡಿ. ಒಂದು ಗೀರೂ ಇಲ್ಲದೆ ಉಳಿದಿರಬಹುದು; ಆದರೆ ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಅರ್ಥಹೀನ ಸಾಲು. ಇಲ್ಲಿ ವಾಹಕ ಉಳಿದಿದೆ, ಯಂತ್ರವೂ ಓದಿದೆ, ಲಿಪಿ ಕಳೆದಿದೆ.

ಉಪಸಂಹಾರ

ಆದಕಾರಣ ನಾವು ಮೊದಲು ಕೇಳಬೇಕಾದುದು 'ಇದನ್ನು ಓದುವ ಸಾಧನ ಎಷ್ಟು ಕಾಲ, ಎಷ್ಟು ಜನರ ಬಳಿ ಇರುತ್ತದೆ?' ಎಂಬ ಪ್ರಶ್ನೆಯನ್ನು. ಈ ದೃಷ್ಟಿಯಿಂದ ಸಿ.ಡಿ.ಯ ವಂಶಕ್ಕೆ ಒಂದು ಹಿರಿಮೆ ಇದೆ: ಇಂದು ಗಣಕಕ್ಕೆ ಜೋಡಿಸುವ ಬ್ಲೂ-ರೇ ಯಂತ್ರಗಳಲ್ಲಿ ಬಹುಪಾಲು ನಾಲ್ಕು ದಶಕಗಳ ಹಿಂದಿನ ಸಿ.ಡಿ.ಯನ್ನೂ ಓದಬಲ್ಲವು. ಆದರೆ ಹೊಸ ಗಣಕಗಳಲ್ಲಿ ಅದಕ್ಕೆ ಕಂಡಿಯೇ ಇಲ್ಲದಿರುವುದು ಸಾಮಾನ್ಯವಾಗಿರುವುದರಿಂದ ಈ ಹಿರಿಮೆಯನ್ನು ನಂಬಿ ಕೂರುವಂತಿಲ್ಲ. ಹಳೆಯ ಸಿ.ಡಿ., ಡಿ.ವಿ.ಡಿ.ಗಳಲ್ಲಿ ಸಾಮಗ್ರಿ ಇಟ್ಟಿರುವವರು ಯಂತ್ರ ದೊರೆಯುತ್ತಿರುವಾಗಲೇ ಅದನ್ನು ಹೊರತೆಗೆಯುವುದು ಕ್ಷೇಮಕರ. ಹಾಗೆ ತೆಗೆದುದನ್ನು ಬೇರೆಬೇರೆ ಬಗೆಯ ಎರಡು ವಾಹಕಗಳಲ್ಲಾದರೂ ಇಡಬೇಕು. ಒಂದು ಪ್ರತಿ ಬೇರೊಂದು ಊರಿನಲ್ಲಿರಬೇಕು. ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಒತ್ತಕ್ಷರಗಳೂ ಅರ್ಕಾವತ್ತೂ ಪಲ್ಲಟವಾಗಿಲ್ಲವೆಂಬುದನ್ನು ಕರಡು ತಿದ್ದುವ ಶ್ರದ್ಧೆಯಿಂದ ನೋಡಬೇಕು; ಮೂಲ ಕಡತವನ್ನೂ ಎಸೆಯಬಾರದು. ಚಿತ್ರಗಳ ಜೊತೆಗೆ ಹಸ್ತಪ್ರತಿಯ ಹೆಸರು, ಇರುವ ಸ್ಥಳ, ಗರಿಗಳ ಸಂಖ್ಯೆ, ಚಿತ್ರಿಸಿದ ದಿನಾಂಕಗಳನ್ನು ಸರಳ ಪಠ್ಯದಲ್ಲಿ ಬರೆದಿಡಬೇಕು. ಐದು ವರ್ಷಗಳಿಗೊಮ್ಮೆಯಾದರೂ ಎಲ್ಲವನ್ನೂ ತೆರೆದು ನೋಡಿ, ಆಗ ಬಳಕೆಯಲ್ಲಿರುವ ವಾಹಕಕ್ಕೆ ಪ್ರತಿಮಾಡಬೇಕು.

ಇದು ಕನ್ನಡಿಗರಿಗೆ ಹೊಸ ಉಪದೇಶವೇನೂ ಅಲ್ಲ. ಹತ್ತನೆಯ ಶತಮಾನದ ಪೊನ್ನನ ಶಾಂತಿಪುರಾಣಕ್ಕೆ ಅತ್ತಿಮಬ್ಬೆಯು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಯಾವ ಓಲೆಗರಿಯೂ ಸಾವಿರ ವರ್ಷ ಬಾಳುವುದೆಂಬ ಭರವಸೆ ಆ ಕಾಲದವರಿಗೆ ಇರಲಿಲ್ಲ. ಗರಿ ಜೀರ್ಣವಾಗುವ ಮೊದಲು ಮತ್ತೊಬ್ಬರು ಪ್ರತಿಮಾಡುತ್ತ ಬಂದುದರಿಂದಲೇ ಆ ಕಾವ್ಯಗಳು ನಮ್ಮ ಕೈಸೇರಿವೆ. ಅಂದಿನ ಲಿಪಿಕಾರನಿಗೆ ಪ್ರತಿಮಾಡುವುದು ತಿಂಗಳುಗಟ್ಟಲೆಯ ಶ್ರಮವಾಗಿತ್ತು, ಪ್ರತಿಯೊಂದು ನಕಲಿನಲ್ಲಿಯೂ ಸ್ಖಾಲಿತ್ಯಗಳು ನುಸುಳುತ್ತಿದ್ದವು. ಇಂದು ಅದೇ ಕೆಲಸ ಕೆಲವು ಗಂಟೆಗಳಲ್ಲಿ, ಒಂದು ಅಕ್ಷರವೂ ವ್ಯತ್ಯಾಸವಾಗದಂತೆ ಆಗುತ್ತದೆ. ಗಾಜಿನ ಬಿಲ್ಲೆಗಳು ಪ್ರಯೋಗಾಲಯದಿಂದ ಹೊರಬರುವವರೆಗೆ ಕಾಯದೆ, ತಮ್ಮಲ್ಲಿರುವ ಮುದ್ರಿಕೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಈ ವರ್ಷವೇ ಪ್ರತಿಮಾಡುವ ಕೆಲಸವನ್ನು ಆರಂಭಿಸಬೇಕೆಂದು ಹೊರನಾಡಿನ ಸಂಶೋಧಕ ಮಿತ್ರರಲ್ಲಿ ನಾವು ಕೋರುತ್ತೇವೆ.