ಕಂಬಾಲಪಲ್ಲಿ: ಏಳು ಜನ ಸತ್ತರು, ಕೊಂದವರು ಯಾರೂ ಇಲ್ಲ. ಇದು ಹೇಗೆ ಸಾಧ್ಯ?

2000ನೇ ಇಸವಿ ಮಾರ್ಚ್ 11. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತವಾಗಿ ಸುಡಲಾಯಿತು. ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ, ಹಾಗಾಗಿ ಕೇಸು ನಡೆದದ್ದು ಕೋಲಾರದಲ್ಲಿ. 2006ರ ಡಿಸೆಂಬರ್‌ನಲ್ಲಿ ಅಲ್ಲಿನ ಸೆಷನ್ಸ್ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಇವತ್ತು ಕಾಲೇಜಿನಲ್ಲಿರುವ ಬಹಳಷ್ಟು ಜನ ಆಗ ಹುಟ್ಟಿರಲೇ ಇಲ್ಲ. ಇತ್ತೀಚೆಗೆ ಅಂಥವರೇ ಒಂದಷ್ಟು ಹುಡುಗ ಹುಡುಗಿಯರು ಆಡಿದ 'ಬೆಲ್ಚಿ' ಬೀದಿನಾಟಕ ನೋಡಿದೆ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ನರಮೇಧದ ಕಥೆ ಅದು. ಸಿ.ಜಿ. ಕೃಷ್ಣಸ್ವಾಮಿ ಅವರ ನಿರ್ದೇಶನದಲ್ಲಿ 'ಸಮುದಾಯ' ತಂಡ ಅದನ್ನು ಕರ್ನಾಟಕದ ಊರೂರಿಗೆ ಒಯ್ದಿತ್ತು. ಹಾಡು, ತಮಟೆ, ಸುತ್ತ ನಿಂತ ಜನ, ಅಷ್ಟೇ. ನಾಟಕ ಮುಗಿದ ಮೇಲೆ ಒಬ್ಬಳು ಕೇಳಿದಳು: "ಬೆಲ್ಚೀಲಿ ಶಿಕ್ಷೆ ಆಯ್ತಲ್ಲ ಸಾರ್, ನಮ್ಮ ಕಂಬಾಲಪಲ್ಲೀಲಿ ಯಾಕಾಗ್ಲಿಲ್ಲ?"

ನ್ಯಾಯವಾದ ಪ್ರಶ್ನೆ. ಬೆಲ್ಚಿ ಪ್ರಕರಣದಲ್ಲಿ ಇಬ್ಬರು ಗಲ್ಲಿಗೇರಿದರು. ಮರಣದಂಡನೆಯನ್ನು ನಾನು ಒಪ್ಪುವುದಿಲ್ಲ, ಅದು ಬೇರೆ ಚರ್ಚೆ. ಆದರೆ ಅಲ್ಲಿ ಅಪರಾಧ ಸಾಬೀತಾಯಿತು. ಇಲ್ಲಿ ಯಾಕೆ ಆಗಲಿಲ್ಲ?

ಸಾಕ್ಷಿ 'ಉಲ್ಟಾ ಹೊಡೆಯೋದು' ಅಂದರೆ

ಒಂದೇ ಮಾತಿನ ಉತ್ತರ: ಮುಖ್ಯ ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿಬಿದ್ದರು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ತಪ್ಪೆಲ್ಲ ಸಾಕ್ಷಿಗಳ ತಲೆಗೆ ಬರುತ್ತದೆ.

ಪೊಲೀಸರು ತನಿಖೆಯ ವೇಳೆ ಬರೆದುಕೊಳ್ಳುವ ಹೇಳಿಕೆ ನ್ಯಾಯಾಲಯದಲ್ಲಿ ಪುರಾವೆ ಅಲ್ಲ. ಅದಕ್ಕೆ ಸಾಕ್ಷಿಯ ಸಹಿಯನ್ನೂ ಹಾಕಿಸುವುದಿಲ್ಲ. ಪೊಲೀಸರು ಹೊಡೆದು ಬರೆಸಿಕೊಳ್ಳಬಹುದು ಎಂಬ ಕಾರಣಕ್ಕೆ ಇಟ್ಟಿರುವ ನಿಯಮ, ಒಳ್ಳೆಯದೇ. ಆದರೆ ಪರಿಣಾಮ ಏನು? ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳಿದ್ದಷ್ಟೇ ಲೆಕ್ಕ. ಆ ದಿನ ಅವನು "ಕತ್ತಲಿತ್ತು ಸ್ವಾಮಿ, ಯಾರೂಂತ ಕಾಣಲಿಲ್ಲ" ಅಂದುಬಿಟ್ಟರೆ ಚಾರ್ಜ್‌ಶೀಟಿನ ನೂರಾರು ಪುಟ ಕುಸಿದುಬೀಳುತ್ತದೆ.

ಇನ್ನು ಕಾಲದ ಲೆಕ್ಕ ನೋಡಿ. ಘಟನೆಯಿಂದ ತೀರ್ಪಿನವರೆಗೆ ಆರು ವರ್ಷಕ್ಕೂ ಹೆಚ್ಚು. ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಹಳ್ಳಿಗಳಲ್ಲಿ ಭೂಮಿ ಇಲ್ಲದವನ ಬದುಕು ಹೇಗೆ ನಡೆಯುತ್ತದೆ? ಹಿಪ್ಪುನೇರಳೆ ಸೊಪ್ಪು ಕೊಯ್ಯಲು, ಟೊಮೆಟೊ ಬಿಡಿಸಲು ಕೂಲಿ ಸಿಗುವುದು ಜಮೀನಿದ್ದವರ ಹತ್ತಿರ. ಕೈಸಾಲ ಅವರದೇ. ನಡೆಯುವ ದಾರಿ ಅವರ ಹೊಲದ ಬದುವಿನ ಮೇಲೆ. ಸಾಕ್ಷಿ ಹೇಳಬೇಡ ಅಂತ ಯಾರೂ ಬಾಯಿಬಿಟ್ಟು ಬೆದರಿಸಬೇಕಿಲ್ಲ. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದರೆ ಸಾಕು.

ಬೇರೆ ದಾರಿ ಇತ್ತಾ?

ಇತ್ತು. 2002ರಲ್ಲಿ ವಡೋದರಾದ ಬೆಸ್ಟ್ ಬೇಕರಿಯಲ್ಲಿ 14 ಜನರನ್ನು ಕೊಲ್ಲಲಾಯಿತು. ಅಲ್ಲೂ ಸಾಕ್ಷಿಗಳು ತಿರುಗಿಬಿದ್ದರು, 2003ರಲ್ಲಿ ಎಲ್ಲ 21 ಆರೋಪಿಗಳೂ ಬಿಡುಗಡೆಯಾದರು. ಸುಪ್ರೀಂ ಕೋರ್ಟ್ 2004ರಲ್ಲಿ ಆ ತೀರ್ಪನ್ನು ರದ್ದು ಮಾಡಿ, ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸಿತು. 2006ರಲ್ಲಿ ಮುಂಬೈ ನ್ಯಾಯಾಲಯ ಒಂಬತ್ತು ಮಂದಿಗೆ ಶಿಕ್ಷೆ ಕೊಟ್ಟಿತು (ಅವರಲ್ಲಿ ಐವರು ಮುಂದೆ ಹೈಕೋರ್ಟಿನಲ್ಲಿ ಬಿಡುಗಡೆಯಾದರು). ಅದೇ 2006ರಲ್ಲೇ ಕಂಬಾಲಪಲ್ಲಿಯ ತೀರ್ಪು ಬಂದದ್ದು.

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ಖುಲಾಸೆಯಾದವರು ಕಾನೂನಿನ ಕಣ್ಣಲ್ಲಿ ನಿರಪರಾಧಿಗಳು. ಸಂಶಯಾತೀತ ಪುರಾವೆ ಬೇಕೆಂಬ ನಿಯಮ ನಮ್ಮೆಲ್ಲರನ್ನೂ ಕಾಯುತ್ತದೆ. ಹಾಗಿದ್ದರೆ ಏಳು ಜನರನ್ನು ಸುಟ್ಟವರು ಯಾರು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಸರ್ಕಾರ.

ಅಮೆರಿಕದ ಒಂದು ಸಂಗೀತ ನಾಟಕ

ಬ್ರಾಡ್‌ವೇಯಲ್ಲಿ 1998ರಲ್ಲಿ 'ಪರೇಡ್' ಎಂಬ ಸಂಗೀತ ನಾಟಕ ಬಂತು. ಅಟ್ಲಾಂಟಾದ ಪೆನ್ಸಿಲ್ ಕಾರ್ಖಾನೆಯ ಮೇಲ್ವಿಚಾರಕ, ಯಹೂದಿ ಲಿಯೋ ಫ್ರಾಂಕ್‌ನ ಕಥೆ. 1913ರಲ್ಲಿ ಬಾಲಕಿಯೊಬ್ಬಳ ಕೊಲೆಗೆ ಅವನಿಗೆ ಗಲ್ಲು ಶಿಕ್ಷೆಯಾಯಿತು. ಗವರ್ನರ್ ಅದನ್ನು ಜೀವಾವಧಿಗೆ ಇಳಿಸಿದರು. 1915ರಲ್ಲಿ ಗುಂಪೊಂದು ಅವನನ್ನು ಜೈಲಿನಿಂದ ಎಳೆದೊಯ್ದು ನೇಣು ಹಾಕಿತು.

ನಮಗೆ ಮುಖ್ಯವಾದದ್ದು ಮುಂದಿನದು. 1986ರಲ್ಲಿ ಜಾರ್ಜಿಯಾ ರಾಜ್ಯ ಅವನಿಗೆ ಮರಣೋತ್ತರ ಕ್ಷಮಾದಾನ ಕೊಟ್ಟಿತು. ಅವನು ಅಪರಾಧಿಯೋ ಅಲ್ಲವೋ ಎಂಬ ತಂಟೆಗೇ ಹೋಗಲಿಲ್ಲ. ಅವನನ್ನು ರಕ್ಷಿಸಲು ರಾಜ್ಯ ಸೋತಿತು ಎಂದು ಒಪ್ಪಿಕೊಂಡಿತು, ಅಷ್ಟೇ. ಕರ್ನಾಟಕವೂ ಹಾಗೆ ಹೇಳಬಹುದು. ಯಾರನ್ನೂ ಅಪರಾಧಿ ಎನ್ನದೆಯೇ, "ಆ ಸಾಕ್ಷಿಗಳಿಗೆ ರಕ್ಷಣೆ ಕೊಡಲು ನಮ್ಮಿಂದ ಆಗಲಿಲ್ಲ" ಎಂದು ವಿಧಾನಸಭೆಯಲ್ಲಿ ಒಪ್ಪಿಕೊಳ್ಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಈಗ ಏನು ಬದಲಾಗಿದೆ?

ಕಾಗದದ ಮೇಲೆ ಸಾಕಷ್ಟು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ಸಂತ್ರಸ್ತರಿಗೆ ಮತ್ತು ಸಾಕ್ಷಿಗಳಿಗೆ ರಕ್ಷಣೆ, ಪುನರ್ವಸತಿ, ಸ್ಥಳಾಂತರದ ಹಕ್ಕು ಕೊಟ್ಟಿದೆ. ಸಾಧ್ಯವಾದಷ್ಟೂ ಚಾರ್ಜ್‌ಶೀಟ್ ಸಲ್ಲಿಕೆಯಾದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು ಎನ್ನುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಅನ್ವಯಿಸಿತು. ಜಿಲ್ಲಾ ನ್ಯಾಯಾಧೀಶರ ಸಮಿತಿಗೆ ಅರ್ಜಿ ಹಾಕಿದರೆ ರಕ್ಷಣೆ ಸಿಗಬಹುದು. ಆದರೆ ಅದು ಒಂದು ಸಲಕ್ಕೆ ಗರಿಷ್ಠ ಮೂರು ತಿಂಗಳು ಮಾತ್ರ. ವಿಚಾರಣೆ ಆರು ವರ್ಷ ಎಳೆದರೆ ಎಷ್ಟು ಸಲ ಅರ್ಜಿ ಹಾಕಬೇಕು, ನೀವೇ ಲೆಕ್ಕ ಹಾಕಿ.

ಶಿಕ್ಷೆ ಅಸಾಧ್ಯವೇನಲ್ಲ. ಕೊಪ್ಪಳದ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟ ಪ್ರಕರಣದಲ್ಲಿ 2024ರಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಲಾಯಿತು. ಅದಕ್ಕೂ ಹತ್ತು ವರ್ಷ ಹಿಡಿಯಿತು, ಮೇಲ್ಮನವಿಯ ಹಂತ ಬೇರೆ.

ನಾವು ಮಾಡಬಹುದಾದ ಕೆಲಸ ಒಂದಿದೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಲೇಬೇಕು. ಚಿಕ್ಕಬಳ್ಳಾಪುರದಲ್ಲಿ ಕಳೆದ ವರ್ಷ ಎಷ್ಟು ಸಭೆ ನಡೆದವು? ದೌರ್ಜನ್ಯ ಪ್ರಕರಣಗಳ ಎಷ್ಟು ಸಾಕ್ಷಿಗಳಿಗೆ ರಕ್ಷಣೆ ಕೊಟ್ಟರು? ಎಷ್ಟು ಕೇಸಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಗೌರಿಬಿದನೂರಿನಿಂದ ಚಿಂತಾಮಣಿವರೆಗೆ ತಾಲ್ಲೂಕಿಗೊಬ್ಬರು ಈ ಮೂರು ಪ್ರಶ್ನೆ ಹಾಕಿ. ಬಂದ ಉತ್ತರವನ್ನು ನಮಗೂ ಕಳಿಸಿ, ಇಲ್ಲೇ ಪ್ರಕಟಿಸೋಣ.