ನಮ್ಮೂರ ಅಶ್ವತ್ಥಕಟ್ಟೆ, ಅವರೂರ ಜಿಂಜಾ

'ನಿಮ್ಮ ಊರಿನ ಬಗ್ಗೆ ಐದು ವಾಕ್ಯ ಹೇಳಿ.'

ಜಪಾನೀಸ್ ತರಗತಿಯಲ್ಲಿ ಮೇಡಂ ಕೇಳಿದ್ದು ಇಷ್ಟೇ. ಬೆಂಗಳೂರಿನ ಹುಡುಗರು ಮಾಲ್, ಮೆಟ್ರೊ ಅಂತ ಪಟಪಟನೆ ಹೇಳಿ ಕೂತರು. ಶಿಡ್ಲಘಟ್ಟದ ಪಕ್ಕದ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದ ನನಗೆ ಬಾಯೇ ಬರಲಿಲ್ಲ. ನಮ್ಮೂರಲ್ಲಿ ಹೇಳಿಕೊಳ್ಳುವಂಥದ್ದು ಏನಿದೆ? ರೇಷ್ಮೆ ಹುಳುವಿನ ಮನೆಗಳು, ಒಂದು ಗಂಗಮ್ಮನ ಗುಡಿ, ನಾಗರಕಲ್ಲುಗಳಿರುವ ಅಶ್ವತ್ಥಕಟ್ಟೆ. ಇದನ್ನೆಲ್ಲ ಹೇಳಿದರೆ ನಗುತ್ತಾರೇನೋ ಅನ್ನಿಸಿ ಸುಮ್ಮನೆ ಕೂತೆ.

ಮುಂದಿನ ವಾರದ ಪಾಠ 'ಜಿಂಜಾ', ಅಂದರೆ ಶಿಂಟೊ ಗುಡಿ. ಚಿತ್ರದಲ್ಲಿ ಒಂದು ಹಳೇ ಮರ, ಅದರ ಬೊಡ್ಡೆಗೆ ಸುತ್ತಿದ ದಪ್ಪನೆಯ ಹುಲ್ಲಿನ ಹಗ್ಗ. ಆ ಮರದಲ್ಲಿ 'ಕಾಮಿ', ಅಂದರೆ ದೈವ, ಇದೆ ಅಂತ ಗುರುತು. ನೋಡಿದ ಕೂಡಲೇ ನೆನಪಾಗಿದ್ದು ಅಜ್ಜಿ ದಾರ ಸುತ್ತುವ ನಮ್ಮೂರ ಅರಳಿಮರ.

ಜಪಾನಿನಲ್ಲಿ ಇಂಥ ಗುಡಿಗಳು 80 ಸಾವಿರಕ್ಕೂ ಹೆಚ್ಚಿವೆ. ಬಾಗಿಲಿಲ್ಲದ ಕಮಾನು 'ತೊರಿಈ' ದಾಟಿ ಒಳಗೆ ಹೋಗಬೇಕು. ಕೈ, ಬಾಯಿ ತೊಳೆಯಬೇಕು. ಕಾಣಿಕೆ ಹಾಕಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿದರೆ ಮುಗಿಯಿತು. ಮಗು ಹುಟ್ಟಿ ತಿಂಗಳಾಗುವ ಹೊತ್ತಿಗೆ ಗುಡಿಗೆ ಕರೆದೊಯ್ಯುತ್ತಾರೆ. ಮೂರು, ಐದು, ಏಳನೇ ವಯಸ್ಸಿನಲ್ಲಿ ನವೆಂಬರ್ 15ರ ಆಸುಪಾಸು ಮತ್ತೆ ಕರೆದೊಯ್ಯುತ್ತಾರೆ. ಹೊಸ ಕಾರು ಕೊಂಡರೆ ಶುದ್ಧಿ ಮಾಡಿಸುತ್ತಾರೆ. ಕಾರ್ಖಾನೆ ಕಟ್ಟುವ ಮುಂಚೆ ಪುರೋಹಿತರನ್ನು ಕರೆಸಿ ನೆಲದ ಪೂಜೆ ಮಾಡಿಸುತ್ತಾರೆ, ಹೆಸರು 'ಜಿಚಿನ್‌ಸಾಯಿ'. ನಮ್ಮ ಗುದ್ದಲಿ ಪೂಜೆ, ವಾಹನ ಪೂಜೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಹಾಗಂತ ಎರಡೂ ಒಂದೇ ಅಲ್ಲ. ಅಲ್ಲಿ ಗರ್ಭಗುಡಿಯಲ್ಲಿರುವುದು ಹೆಚ್ಚಾಗಿ ಕನ್ನಡಿಯಂಥ ಒಂದು ವಸ್ತು, ಅದೂ ಜನರ ಕಣ್ಣಿಗೆ ಬೀಳುವುದಿಲ್ಲ. ನಮಗೆ ದೇವಿಯ ಮುಖ ಕಂಡರೇನೇ ಸಮಾಧಾನ.

ನನಗೆ ತೀರಾ ಹತ್ತಿರವಾಗಿದ್ದು 'ಎಮಾ'. ಅಂಗೈ ಅಗಲದ ಮರದ ಹಲಗೆ. ಹಿಂದೆ ಗುಡಿಗೆ ನಿಜವಾದ ಕುದುರೆಯನ್ನೇ ಒಪ್ಪಿಸುತ್ತಿದ್ದರಂತೆ. ಆಮೇಲೆ ಕುದುರೆಯ ಚಿತ್ರವಿರುವ ಹಲಗೆ ಬಂತು. ಈಗ ಅದರ ಮೇಲೆ ಹರಕೆ ಬರೆದು ನೇತುಹಾಕುತ್ತಾರೆ. ದಜೈಫು ಊರಿನ ಗುಡಿಯಲ್ಲಿ ಪರೀಕ್ಷೆ ಬರೆಯುವ ಮಕ್ಕಳ ಹಲಗೆಗಳೇ ರಾಶಿ. ಅಲ್ಲಿನ ದೈವ ಸುಗವಾರ ನೊ ಮಿಚಿಜಾನೆ ಒಂಬತ್ತನೇ ಶತಮಾನದ ದೊಡ್ಡ ವಿದ್ವಾಂಸ. ಆಸ್ಥಾನದ ರಾಜಕೀಯದಿಂದ ಗಡೀಪಾರಾಗಿ 903ರಲ್ಲಿ ಅಲ್ಲೇ ತೀರಿಕೊಂಡ. ಮುಂದೆ ಜನ ಅವನನ್ನೇ ವಿದ್ಯೆಯ ದೈವವಾಗಿ ಪೂಜಿಸತೊಡಗಿದರು.

ನಮ್ಮ ಕಡೆ ಹಲಗೆ ಇಲ್ಲ, ಕಲ್ಲು ಇದೆ. ಗೌರಿಬಿದನೂರಿನ ವಿದುರಾಶ್ವತ್ಥಕ್ಕೆ ಹೋದವರು ನೋಡಿರುತ್ತೀರಿ, ಸಾಲುಸಾಲು ನಾಗರಕಲ್ಲುಗಳು. ಒಂದೊಂದು ಕಲ್ಲೂ ಯಾರದೋ ಮನೆಯ ಆಸೆ. ವಿದುರ ನೆಟ್ಟಿದ್ದು ಎಂದು ಜನ ನಂಬಿದ್ದ ಅಲ್ಲಿನ ಹಳೇ ಅಶ್ವತ್ಥಮರ 2001ರಲ್ಲಿ ಉರುಳಿತು. ಆದರೂ ಜನ ಬರುವುದು ನಿಂತಿಲ್ಲ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದ್ದೂ ಅದೇ ಊರಿನಲ್ಲಿ. ಹರಕೆಯ ಜಾಗವೇ ಊರಿನ ನೆನಪಿನ ಜಾಗವೂ ಆಗಿದೆ.

ಜಪಾನಿನಲ್ಲಿ ಹೊಸ ವರ್ಷಕ್ಕೆ ಜಿಂಜಾಕ್ಕೆ ಹೋದವರೇ ಚರ್ಚ್ ಶೈಲಿಯಲ್ಲಿ ಮದುವೆಯಾಗಿ, ಸತ್ತಾಗ ಬೌದ್ಧ ಪದ್ಧತಿಯಲ್ಲಿ ಸಂಸ್ಕಾರ ಮಾಡಿಸಿಕೊಳ್ಳುವುದು ಸಾಮಾನ್ಯ. ತರಗತಿಯಲ್ಲಿ ಇದನ್ನು ಕೇಳಿ ಹಲವರಿಗೆ ಆಶ್ಚರ್ಯ. ನನಗೆ ಆಗಲಿಲ್ಲ. ಚಿಂತಾಮಣಿ ಕಡೆಯವರು ಕೈವಾರಕ್ಕೂ ಹೋಗುತ್ತಾರೆ, ಮುರುಗಮಲ್ಲದ ದರ್ಗಾಕ್ಕೂ ಹೋಗುತ್ತಾರೆ.

ಆಮೇಲೆ ಇನ್ನೊಂದು ಗುಡಿಯ ವಿಷಯ ಸಿಕ್ಕಿತು. ಕ್ಯೋಟೊ ನಗರದ ಉಜುಮಸ ಎಂಬಲ್ಲಿ ಜನ 'ಕಾಯಿಕೊ ನೊ ಯಾಶಿರೊ' ಎಂದು ಕರೆಯುವ ಹಳೇ ಗುಡಿ ಇದೆ. ಅರ್ಥ ಗೊತ್ತೇ? ರೇಷ್ಮೆ ಹುಳುವಿನ ಗುಡಿ! ಆ ಭಾಗದಲ್ಲಿ ನೆಲೆಸಿದ್ದ ಹಾತ ಮನೆತನದವರು ರೇಷ್ಮೆ ಕಸುಬಿಗೆ ಹೆಸರಾದವರು. ನಮಗೂ ಜಪಾನಿಗೂ ರೇಷ್ಮೆಯ ನಂಟು ಹೊಸದಲ್ಲ. 1990ರ ದಶಕದಲ್ಲಿ ಜಪಾನಿನ ಜೈಕಾ ಸಂಸ್ಥೆಯ ನೆರವಿನಿಂದಲೇ ಕರ್ನಾಟಕದಲ್ಲಿ ಬೈವೋಲ್ಟೀನ್ ಸಾಕಣೆಗೆ ಬಲ ಬಂತು. ಹುಳು ಜ್ವರಕ್ಕೆ ಕೂತಾಗ ಅಜ್ಜಿ ಮನೆಯವರನ್ನೆಲ್ಲ ಗದರಿಸಿ ಸದ್ದಡಗಿಸುವುದು, ಕಾಲು ತೊಳೆಯದೆ ಹುಳುಮನೆಗೆ ಯಾರನ್ನೂ ಬಿಡದಿರುವುದು, ಎಲ್ಲಾ ನೆನಪಾಯಿತು. ಸೋಂಕು ತಗುಲಬಾರದು ಎಂಬ ಲೆಕ್ಕವೂ ಅದರಲ್ಲಿದೆ, ಭಕ್ತಿಯೂ ಇದೆ.

ಜುಲೈನಲ್ಲಿ ಎನ್4 ಪರೀಕ್ಷೆ ಬರೆದೆ. ಪಾಸಾದರೆ ಗಂಗಮ್ಮನಿಗೆ ತಂಬಿಟ್ಟಿನ ದೀಪ ಅಂತ ಅಜ್ಜಿ ಹರಕೆ ಹೊತ್ತಿದ್ದರು. 180ಕ್ಕೆ 90 ಬೇಕಿತ್ತು, ಬಂದಿದ್ದು 84. ಫೀಸು, ಬಸ್ ಚಾರ್ಜು ಎಲ್ಲ ಅಪ್ಪ ಗೂಡು ಮಾರಿದ ದುಡ್ಡು. ಸಿಟ್ಟು ಯಾರ ಮೇಲೆ ತೋರಿಸಲಿ? ಅಜ್ಜಿಯ ಮೇಲೆ ತೋರಿಸಿದೆ. 'ಎಲ್ಲಿ ಹೋದಳು ನಿಮ್ಮ ಗಂಗಮ್ಮ?'

ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. 'ಪರೀಕ್ಷೆ ಬರೆದೋಳು ನೀನಮ್ಮಾ, ಗಂಗಮ್ಮ ಅಲ್ಲ. ನಿನಗೆ ಧೈರ್ಯ ಕೊಡು ಅಂತ ಕೇಳ್ಕೊಂಡಿದ್ದೆ, ಅಷ್ಟೇ. ಬಾ, ಕಟ್ಟೆ ಗುಡಿಸಬೇಕು' ಅಂದರು.

ಮಾತಿಲ್ಲದೆ ಪೊರಕೆ ಹಿಡಿದೆ. ಒಣಗಿದ ಎಲೆ ಗುಡಿಸುತ್ತ, ಕಲ್ಲುಗಳಿಗೆ ನೀರು ಹಾಕುತ್ತ ಅರ್ಧ ಗಂಟೆ ಹೋಯಿತು. ಅವತ್ತೇ ಮೊದಲ ಸಲ ಅಂಕ ಎಷ್ಟು ಕಡಿಮೆ ಬಂತು ಎಂದು ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿದ್ದು. ಅಳು ಬಂತು, ಹಗುರವೂ ಆಯಿತು. ದಜೈಫುವಿನಲ್ಲಿ ಹಲಗೆ ಕಟ್ಟುವ ಮಕ್ಕಳೂ ಮನೆಗೆ ಹೋಗಿ ಓದಲೇಬೇಕಲ್ಲ! ಒಳಗಿನ ಭಯವನ್ನು ಒಂದು ಕಡೆ ಇಳಿಸಿಡಲು ಜಾಗ ಬೇಕು. ಅವರಿಗೆ ಅದು ಜಿಂಜಾ, ನನಗೆ ಕಟ್ಟೆ.

ಎಲ್ಲವನ್ನೂ ಹೊಗಳಲಾರೆ. ನಮ್ಮ ಹಳ್ಳಿಗಳ ಗುಡಿಗಳ ಹೊಸ್ತಿಲು ಎಲ್ಲ ಜಾತಿಯವರಿಗೂ ಇವತ್ತಿಗೂ ಒಂದೇ ಸಮನಾಗಿ ತೆರೆದಿಲ್ಲ. ಅದು ಸರಿಹೋಗದೆ 'ಊರ ಗುಡಿ' ಅನ್ನುವ ಮಾತಿಗೆ ಅರ್ಥವಿಲ್ಲ. ಜಪಾನಿನಲ್ಲೂ ಯುದ್ಧದ ಕಾಲದಲ್ಲಿ ಸರ್ಕಾರ ಶಿಂಟೊವನ್ನು ತನ್ನ ಕೆಲಸಕ್ಕೆ ಬಳಸಿಕೊಂಡಿತ್ತು.

ಈಗ ಅಲ್ಲಿನ ಹಳ್ಳಿಗಳದು ಬೇರೆ ಚಿಂತೆ. ಹುಡುಗರು ಪಟ್ಟಣ ಸೇರಿದ್ದಾರೆ, ಹಬ್ಬದಲ್ಲಿ ದೇವರ ಪಲ್ಲಕ್ಕಿ ಹೊರಲು ಹೆಗಲು ಸಾಲುತ್ತಿಲ್ಲ. ಓದಿದಾಗ ಎದೆ ಚುರುಕ್ ಅಂದಿತು. ನಮ್ಮೂರಲ್ಲೂ ನನ್ನ ಓರಗೆಯವರು ಹೆಚ್ಚಿನವರು ಬೆಂಗಳೂರು ಸೇರಿದ್ದಾರೆ. ನಾನಂತೂ ಜಪಾನಿಗೇ ಹೋಗಲು ಓದುತ್ತಿದ್ದೇನೆ. ಅಜ್ಜಿಯ ನಂತರ ಆ ಕಟ್ಟೆ ಗುಡಿಸುವವರು ಯಾರು? ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಊರಲ್ಲಿರುವಷ್ಟು ದಿನ ಭಾನುವಾರದ ಪೊರಕೆ ನನ್ನದು ಅಂತ ಮಾತ್ರ ಅಜ್ಜಿಗೆ ಮಾತು ಕೊಟ್ಟಿದ್ದೇನೆ.

ಡಿಸೆಂಬರ್ ಪರೀಕ್ಷೆಗೆ ಮತ್ತೆ ಅರ್ಜಿ ಹಾಕಿದೆ. ಮೊನ್ನೆ ತರಗತಿಯಲ್ಲಿ ಮೇಡಂ ಅನುಮತಿ ಕೇಳಿ ಎದ್ದು ನಿಂತು, ಅಂದು ನುಂಗಿಕೊಂಡಿದ್ದ ಐದು ವಾಕ್ಯ ಹೇಳಿದೆ. ನಮ್ಮೂರಲ್ಲಿ ದೊಡ್ಡ ಅರಳಿಮರ ಇದೆ. ಅದರ ಕೆಳಗೆ ನಾಗರಕಲ್ಲುಗಳಿವೆ. ನಾವು ರೇಷ್ಮೆ ಹುಳು ಸಾಕುತ್ತೇವೆ. ನನ್ನ ಅಜ್ಜಿ ದಿನಾ ಕಟ್ಟೆ ಗುಡಿಸುತ್ತಾರೆ. ಭಾನುವಾರ ನಾನು ಗುಡಿಸುತ್ತೇನೆ.

ಯಾರೂ ನಗಲಿಲ್ಲ.